ನಮ್ಮ ಬಡಾವಣೆಯ ಹಲ್ಲೆ-ಕೊಲೆ ಪ್ರಕರಣಗಳನ್ನು ಲೆಕ್ಕಕ್ಕೆ ತಂದ ಬಗೆ: ನನ್ನ ಅನುಭವ

ಹುಬ್ಬಳ್ಳಿ ಮತ್ತು ಧಾರವಾಡದ ನಡುವೆ, ಪಿ.ಬಿ. ರಸ್ತೆಯಿಂದ ತುಸು ಒಳಗಿರುವ ನಮ್ಮ ಬಡಾವಣೆಗೆ ಪೊಲೀಸ್ ಹೊರಠಾಣೆ ಬೇಕೆಂದು ನಿವಾಸಿಗಳ ಸಂಘವು ಮನವಿ ಬರೆಯುತ್ತಿತ್ತು. ಅದರಲ್ಲಿದ್ದ ‘ಹಿಂಸಾತ್ಮಕ ಅಪರಾಧಗಳು ವಿಪರೀತ ಹೆಚ್ಚಾಗಿವೆ’ ಎಂಬ ವಾಕ್ಯಕ್ಕೆ ಅಂಕಿ-ಅಂಶ ಒದಗಿಸುವ ಕೆಲಸ, ಪದವಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತನಾದ ನನ್ನ ಪಾಲಿಗೆ ಬಂತು. ಅದು 2024ರ ಬೇಸಿಗೆ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಹುಬ್ಬಳ್ಳಿಯಲ್ಲಿ ಒಂದರ ಬೆನ್ನಿಗೊಂದು ಇಬ್ಬರು ಯುವತಿಯರ ಕೊಲೆಗಳಾಗಿ ಜನ ತಲ್ಲಣಿಸಿದ್ದರು. ಆ ಎರಡೂ ಘಟನೆಗಳು ನಮ್ಮ ಬಡಾವಣೆಯಲ್ಲಿ ನಡೆದವಲ್ಲವಾದರೂ ಸಂಘದ ಸಭೆಯ ಮಾತೆಲ್ಲ ಅವುಗಳ ಸುತ್ತಲೇ ಸುತ್ತುತ್ತಿತ್ತು.

ಪೊಲೀಸರ ಲೆಕ್ಕ ಇರುವುದು ಠಾಣಾವಾರು, ಬಡಾವಣೆವಾರು ಅಲ್ಲ. ನಮ್ಮ ಠಾಣೆಯ ಸರಹದ್ದಿನಲ್ಲಿ ಬೈಪಾಸ್ ಬದಿಯ ಢಾಬಾಗಳೂ ಎರಡು ಹಳ್ಳಿಗಳೂ ಸೇರಿರುವುದರಿಂದ, ಠಾಣೆಯ ಒಟ್ಟು ಸಂಖ್ಯೆಯನ್ನು ನಮ್ಮದೆಂದು ಹೇಳಿಕೊಳ್ಳುವಂತಿರಲಿಲ್ಲ. ಎಫ್‌ಐಆರ್‌ಗಳನ್ನು ಜಾಲತಾಣದಲ್ಲಿ ಪ್ರಕಟಿಸಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಆದೇಶಿಸಿದ್ದು ಇಲ್ಲಿ ಅನುಕೂಲವಾಯಿತು. ಸಿಕ್ಕ ಒಂದೊಂದನ್ನೂ ತೆರೆದು, ಕೃತ್ಯ ನಡೆದ ಸ್ಥಳವನ್ನು ಓದಿ, ನಮ್ಮ ಗಡಿಯೊಳಗಿನವನ್ನಷ್ಟೇ ಆರಿಸಿಕೊಂಡೆ. ಲೈಂಗಿಕ ಅಪರಾಧ ಹಾಗೂ ಪೋಕ್ಸೊ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆ) ಪ್ರಕರಣಗಳಿಗೆ ಆ ಆದೇಶ ಅನ್ವಯಿಸುವುದಿಲ್ಲ, ಅನ್ವಯಿಸಲೂಬಾರದು. ಅವುಗಳ ಮಟ್ಟಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಹೆಸರು-ವಿವರ ಏನನ್ನೂ ಕೇಳದೆ, ವರ್ಷವಾರು ಸಂಖ್ಯೆಯನ್ನು ಮಾತ್ರ ಕೇಳಿದೆ. ಹಾಗೆ ಕೇಳಿದರೆ, ಮಾಹಿತಿ ಕೊಟ್ಟರೆ ತನಿಖೆಗೆ ಅಡ್ಡಿಯಾಗುತ್ತದೆಂಬ, ಆ ಕಾಯ್ದೆಯ 8(1)(ಎಚ್) ಕಲಮಿನ ಉತ್ತರಕ್ಕೆ ಎಡೆಯಿರುವುದಿಲ್ಲ. ಇನ್ನೂ ಹಿಂದಿನ ವರ್ಷಗಳಿಗೆ ಗ್ರಂಥಾಲಯದಲ್ಲಿನ ದಿನಪತ್ರಿಕೆಗಳ ಕಡತವೇ ಗತಿ. ಆದರೆ ಪತ್ರಿಕೆಗಳು ಕೊಲೆಯನ್ನು ಬಿಡುವುದಿಲ್ಲ, ಹಲ್ಲೆಯನ್ನು ಬರೆಯುವುದಿಲ್ಲ. ಆದ್ದರಿಂದ ಆ ಕಡತದಿಂದ ಕೊಲೆ ಮತ್ತು ದರೋಡೆಗಳನ್ನು ಮಾತ್ರ ತೆಗೆದುಕೊಂಡೆ.

ಎಫ್‌ಐಆರ್ ಓದುವುದಕ್ಕೂ ಅಭ್ಯಾಸ ಬೇಕು. ‘ಅವಾಚ್ಯ ಬೈದಾಡಿ, ಕೈಯಿಂದ ಹೊಡಿಬಡಿ ಮಾಡಿ, ಜೀವದ ಧಮಕಿ ಹಾಕಿದ’ ಎಂಬ ಒಕ್ಕಣೆ ನಮ್ಮ ಭಾಗದ ಅರ್ಧಕ್ಕರ್ಧ ದೂರುಗಳಲ್ಲಿ ಇದ್ದೇ ಇರುತ್ತದೆ. ಅದರ ಹಿಂದೆ 323, 504, 506 ಎಂಬ ಹಳೆಯ ಭಾರತೀಯ ದಂಡ ಸಂಹಿತೆಯ ಕಲಮುಗಳ ಸಾಲು. ಕೈಯಲ್ಲಿ ಬಡಿಗೆಯೋ ಕಲ್ಲೋ ಇತ್ತೆಂದರೆ 324 ಬರುತ್ತದೆ. ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ ಕಿಮ್ಸ್‌ನಿಂದ ಬಂದ ಗಾಯದ ಪ್ರಮಾಣಪತ್ರದಲ್ಲಿ ಎಲುಬು ಮುರಿದದ್ದು ಕಂಡರೆ ಅದೇ ಪ್ರಕರಣ ಭಾರಿ ಗಾಯದ 326ಕ್ಕೆ ಏರುತ್ತದೆ, ಗಾಯಾಳು ವಾರದ ನಂತರ ತೀರಿಕೊಂಡರೆ ಕೊಲೆಯ 302 ಆಗಬಹುದು. ಹೀಗಾಗಿ ಮೊದಲ ದಿನದ ಕಾಗದವನ್ನಷ್ಟೇ ನೋಡಿದರೆ ಕೊಲೆಗಳು ಕಡಿಮೆಯಾಗಿಯೂ ಹಲ್ಲೆಗಳು ಹೆಚ್ಚಾಗಿಯೂ ಕಾಣುತ್ತವೆ. ಪ್ರತಿ ಪ್ರಕರಣದ ಮುಂದೆ ಅದು ಕೊನೆಗೆ ಎಲ್ಲಿಗೆ ಮುಟ್ಟಿತು, ದೋಷಾರೋಪ ಪಟ್ಟಿಯೋ, ಪ್ರಕರಣ ಮುಚ್ಚುವ ‘ಬಿ’ ರಿಪೋರ್ಟೋ, ಎಂದು ಬರೆಯುವ ಕಾಲಂ ಇಟ್ಟದ್ದು ಇದೇ ಕಾರಣಕ್ಕೆ.

ಲಕ್ಷ ಜನಸಂಖ್ಯೆಗೆ ಇಷ್ಟು ಎಂಬ ದರವನ್ನು ಸಂಘದವರು ಬಹಳ ಬಯಸಿದ್ದರು, ನಾನು ಕೊಡಲಿಲ್ಲ. 2022ರಲ್ಲಿ ದೇಶದಲ್ಲಿ ದಾಖಲಾದ ಕೊಲೆಗಳು 28,522, ಅಂದರೆ ಲಕ್ಷಕ್ಕೆ 2.1. ಎಂಟು ಸಾವಿರ ಜನರಿರುವ ಬಡಾವಣೆಯಲ್ಲಿ ಒಂದು ವರ್ಷ ಒಂದೇ ಒಂದು ಕೊಲೆಯಾದರೂ ದರ 12.5ಕ್ಕೆ ಹೋಗಿ ದೇಶದ ದರದ ಆರು ಪಟ್ಟು ಎನಿಸುತ್ತದೆ, ಮರುವರ್ಷ ಸೊನ್ನೆಗೆ ಬೀಳುತ್ತದೆ. ಅದರ ಮೇಲೆ ಜನಸಂಖ್ಯೆಯೂ 2011ರ ಗಣತಿಯದು; ಇಂದಿನ ಅಪಾರ್ಟ್‌ಮೆಂಟುಗಳು ನಿಂತಿರುವಲ್ಲಿ ಆಗ ಜೋಳ ಬೆಳೆಯುತ್ತಿದ್ದರು. ನಾನು ಐದೈದು ವರ್ಷಗಳನ್ನು ಒಟ್ಟುಗೂಡಿಸಿ, ಭಾಗವಾರು ಮತದಾರರ ಪಟ್ಟಿಯಲ್ಲಿನ ವಯಸ್ಕರ ಸಂಖ್ಯೆಯೊಂದಿಗೆ ಮಾತ್ರ ಹೋಲಿಸಿದೆ.

ಕಾನೂನು ಬದಲಾದಾಗಲೂ ಗೆರೆ ಜಿಗಿಯುತ್ತದೆ. 2012ರಲ್ಲಿ ಪೋಕ್ಸೊ ಬಂತು, 2013ರಲ್ಲಿ ಅತ್ಯಾಚಾರದ ವ್ಯಾಖ್ಯೆ ವಿಸ್ತಾರವಾಯಿತು, ಅದೇ ವರ್ಷ ಸಂಜ್ಞೇಯ (ವಾರಂಟಿಲ್ಲದೆ ಬಂಧಿಸಬಹುದಾದ) ಅಪರಾಧಕ್ಕೆ ಎಫ್‌ಐಆರ್ ಕಡ್ಡಾಯವೆಂದು ಸುಪ್ರೀಂ ಕೋರ್ಟ್ ಹೇಳಿತು. ಆ ಮೇಲಿನ ಏರಿಕೆಯಲ್ಲಿ ಅಪರಾಧದ್ದೆಷ್ಟು, ದಾಖಲಾತಿಯದ್ದೆಷ್ಟು ಎಂದು ಬರೀ ಸಂಖ್ಯೆಯಿಂದ ಬಿಡಿಸಲಾಗದು. 2024ರ ಜುಲೈ 1ರಂದು ದಂಡ ಸಂಹಿತೆಯ ಬದಲಿಗೆ ಭಾರತೀಯ ನ್ಯಾಯ ಸಂಹಿತೆ ಜಾರಿಯಾದ ಬಳಿಕವಂತೂ ಕಲಮುಗಳೆಲ್ಲ ಬದಲಾದವು. ಮೊದಲು ಒಮ್ಮೆ ಕಳವು, ಒಮ್ಮೆ ಸುಲಿಗೆ ಎಂದು ದಾಖಲಾಗುತ್ತಿದ್ದ ಸರಗಳವಿಗೆ ಹೊಸ ಸಂಹಿತೆಯ 304ನೇ ಕಲಮಿನಲ್ಲಿ ಸ್ವಂತ ಸ್ಥಾನ ಸಿಕ್ಕಿತು. ಭಾರಿ ಗಾಯವೆನ್ನಲು ತೀವ್ರ ನೋವು 20 ದಿನ ಇರಬೇಕೆಂದಿದ್ದದ್ದು 15 ದಿನಕ್ಕೆ ಇಳಿಯಿತು. ಜುಲೈ ನಂತರದ ಲೆಕ್ಕವನ್ನು ಬೇರೆಯೇ ಹಾಳೆಯಲ್ಲಿ ಇಟ್ಟಿದ್ದೇನೆ.

ಸಭೆಯಲ್ಲಿ ಒಬ್ಬರು, “ಸರ, ಹೆಚ್ಚಾಗೇತೋ ಕಡಿಮಿ ಆಗೇತೋ, ಅಷ್ಟ ಹೇಳ್ರಿ,” ಎಂದರು. ಒಟ್ಟಿನಲ್ಲಿ ಹೆಚ್ಚಾಗಿರಲಿಲ್ಲ, ಬಗೆ ಬದಲಾಗಿತ್ತು. ಹೊಲಗಳು ಎನ್‌ಎ (ಕೃಷಿಯೇತರ ಭೂಮಿ) ಆಗಿ ಪ್ಲಾಟು ಬೀಳುತ್ತಿದ್ದ ಕಾಲದ ಪ್ರಕರಣಗಳಲ್ಲಿ ಹದ್ದಿನ ಕಲ್ಲು ಕಿತ್ತ ಜಗಳ, ಅಣ್ಣತಮ್ಮಂದಿರ ವಾಟಣಿಯ (ಆಸ್ತಿ ಪಾಲಿನ) ಹೊಡೆದಾಟಗಳೇ ಹೆಚ್ಚು. ಮನೆಗಳು ತುಂಬಿದ ಮೇಲೆ ಅವು ಕರಗಿ, ಕೈಗಡದ ಹಣ, ಕುಡಿತ, ಬಾಡಿಗೆ ತಕರಾರು ಮತ್ತು ನಾಲ್ಕು ಗೋಡೆಯೊಳಗಿನ ಹೊಡೆತಗಳು ಮುಂದೆ ಬಂದವು. ಅಪರಿಚಿತರಿಂದ ಆದದ್ದೆಂದರೆ ಬಹುತೇಕ ಸರಗಳವು, ಅದೂ ಖಾಲಿ ಪ್ಲಾಟುಗಳ ಬದಿಯ ರಸ್ತೆಯಲ್ಲಿ, ಸಂಜೆಯ ವಾಯುವಿಹಾರದ ಹೊತ್ತಿಗೆ. ಮನೆಯೊಳಗಿನ ಹಿಂಸೆಗೆ ಹೊರಠಾಣೆ ಮದ್ದಲ್ಲವೆಂದು ನನಗೆ ಅನ್ನಿಸಿತ್ತು, ಹೇಳಿಯೂ ಹೇಳಿದೆ. ಅದು ಕೆಲವರಿಗೆ ಹಿಡಿಸಲಿಲ್ಲ.

ಮನವಿಯಿಂದ ‘ವಿಪರೀತ’ ಎಂಬ ಪದ ಹೋಯಿತು. ಹೊರಠಾಣೆಯ ಬೇಡಿಕೆಯ ಜೊತೆಗೆ ಆ ರಸ್ತೆಗೆ ಬೀದಿದೀಪ ಮತ್ತು ಸಂಜೆಯ ಪೊಲೀಸ್ ಬೀಟ್ (ಗಸ್ತು) ಕೇಳಿದೆವು. ಬೀಟ್ ಆರಂಭವಾದ ಮೇಲೆ ಸರಗಳವು ನಿಂತೇಹೋಯಿತೆಂದು ಸಂಘದವರು ಎಲ್ಲರಿಗೂ ಹೇಳುತ್ತಾರೆ. ವರ್ಷಕ್ಕೆ ಒಂದೋ ಎರಡೋ ಆಗುತ್ತಿದ್ದ ಕಡೆ ಒಂದು ವರ್ಷ ಸೊನ್ನೆ ಬಂದದ್ದನ್ನು ನಾನಿನ್ನೂ ಬೀಟಿನ ಖಾತೆಗೆ ಹಾಕಿಲ್ಲ.