ಎತ್ತರದ ವಿದರ್ಸ್‌ಗೆ ಕಪ್ಪು ಪ್ಲೇಟು: ಕುದುರೆಗೂ ನನಗೂ ಹೊಂದಿದ ಡ್ರೆಸ್ಸಾಜ್ ಸ್ಯಾಡಲ್

ರೇಸ್‌ನಿಂದ ಬಂದ ತರೋಬ್ರೆಡ್ ಕುದುರೆಗೆ ಟೆಂಪ್ಲೇಟ್ (ಬೆನ್ನಿನ ಆಕಾರಕ್ಕೆ ರಟ್ಟಿನ ಮೇಲೆ ಎಳೆದ ಗೆರೆ) ತೋರಿಸಿದ್ದಕ್ಕಿಂತ ಒಂದು ಸೈಜು ಅಗಲದ ಗಲೆಟ್ (ಸ್ಯಾಡಲ್, ಅಂದರೆ ಜೀನಿನ ಮುಂದಿನ ಕಮಾನಿನ ಲೋಹದ ಪ್ಲೇಟು) ಹಾಕುತ್ತೇನೆ ಅಂದಾಗ ನಮ್ಮ ಕ್ಲಬ್ಬಿನಲ್ಲಿ ಒಬ್ಬರೂ ಒಪ್ಪಲಿಲ್ಲ. ಸೈನ್ಯದಲ್ಲಿ ಕುದುರೆ ಪಳಗಿಸಿ ರಿಟೈರಾದ ಹಿರಿಯರೊಬ್ಬರು ಇದ್ದಾರೆ, ಅವರ ಮಾತನ್ನು ಎಲ್ಲರೂ ಕೇಳುತ್ತಾರೆ. ಅವರೇ, "ಬೇಡಮ್ಮಾ, ಇಷ್ಟು ಎತ್ತರದ ವಿದರ್ಸ್‌ಗೆ ಅಗಲದ್ದು ಹಾಕಿದ್ರೆ ಸ್ಯಾಡಲ್ ನೇರ ಮೂಳೆ ಮೇಲೇ ಕೂತ್ಕೊಳ್ಳುತ್ತೆ" ಅಂದರು. ವಿದರ್ಸ್ ಅಂದರೆ ಕತ್ತಿನ ಬುಡದಲ್ಲಿ, ಹೆಗಲುಗಳ ನಡುವೆ ಎದ್ದು ಕಾಣುವ ಮೂಳೆ. ಈಗ ಒಂದು ವರ್ಷದ ಮೇಲಾಯಿತು. ಕುದುರೆಯ ಬೆನ್ನು ತುಂಬಿಕೊಂಡಿದೆ, ಮೊದಲು 55-56 ಪರ್ಸೆಂಟ್ ಸಿಗುತ್ತಿದ್ದ ಡ್ರೆಸ್ಸಾಜ್ (ಕುದುರೆಯಿಂದ ನಿಗದಿತ ನಡಿಗೆಗಳನ್ನು ಮಾಡಿಸುವ ಸ್ಪರ್ಧೆ) ಟೆಸ್ಟಿನಲ್ಲಿ 63ರ ಆಸುಪಾಸು ಬರುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ಡ್ರೆಸ್ಸಾಜ್ ತಂಡಕ್ಕೆ ಚಿನ್ನ ಬಂದಮೇಲೆ ಡ್ರೆಸ್ಸಾಜ್ ಸ್ಯಾಡಲ್ ಕೊಳ್ಳಬೇಕು ಅಂತ ನನ್ನನ್ನು ಕೇಳುವವರೂ ಜಾಸ್ತಿಯಾಗಿದ್ದಾರೆ. ಅವರಿಗೂ ಇದೇ ಉತ್ತರ.

ಕುದುರೆ ಹೇಗಿತ್ತು ಅಂತ ಹೇಳಿಬಿಡುತ್ತೇನೆ. 16 ಹ್ಯಾಂಡ್ಸ್ (ಒಂದು ಹ್ಯಾಂಡ್ ಅಂದರೆ ನಾಲ್ಕು ಇಂಚು) ಎತ್ತರದ ಗೆಲ್ಡಿಂಗ್ (ಬೀಜ ತೆಗೆದ ಗಂಡು ಕುದುರೆ), ಗಿಡ್ಡ ಬೆನ್ನು, ಚೂಪು ವಿದರ್ಸ್. ವಿದರ್ಸ್‌ನ ಹಿಂದೆ ಎರಡೂ ಕಡೆ ಗುಳಿ ಬಿದ್ದಿತ್ತು, ಮುಷ್ಟಿ ಇಟ್ಟರೆ ಸರಿಯಾಗಿ ಕೂರುವಷ್ಟು. ಎಡ ಹೆಗಲು ಬಲಕ್ಕಿಂತ ದಪ್ಪ. ರೇಸ್ ಬಿಟ್ಟು ಬಂದ ಕುದುರೆ ನೋಡಿದವರಿಗೆಲ್ಲ ಈ ಆಕಾರ ಗೊತ್ತಿರುತ್ತದೆ, ಅಲ್ವಾ?

ಮೊದಲು ಕೊಂಡದ್ದು ಕಾನ್ಪುರದ ಸ್ಯಾಡಲ್. ಹದಿನೆಂಟು ಸಾವಿರ ಇರಬೇಕು. ಕಾನ್ಪುರದ ಮಾಲೇ ಕೆಟ್ಟದ್ದು ಅನ್ನುವವರ ಗುಂಪಿಗೆ ನಾನು ಸೇರಿಲ್ಲ, ಅಲ್ಲಿಂದ ಹೊರದೇಶಕ್ಕೆ ಹೋಗುವ ಕೆಲಸ ಕಣ್ಣಾರೆ ನೋಡಿದ್ದೇನೆ. ಆದರೆ ಈ ಒಂದರಲ್ಲಿ ರಿಕಾಪಿನ (ಪಾದ ಇಡುವ ಬಳೆಯ) ಲೆದರ್ ಪಟ್ಟಿ ತೂಗುವ ಬಾರ್ ತೀರಾ ಮುಂದಿತ್ತು. ಕಾಲು ಎಷ್ಟು ಹಿಂದೆ ತಂದರೂ ಲೆದರ್ ಅದನ್ನು ಮುಂದಕ್ಕೆ ಎಳೆಯುತ್ತಿತ್ತು. ಜೊತೆಗೆ ಟ್ರೀ, ಅಂದರೆ ಸ್ಯಾಡಲ್ ಒಳಗಿನ ಚೌಕಟ್ಟು, ನ್ಯಾರೋ (ಕಿರಿದು). ನ್ಯಾರೋ ಆದಾಗ ಮುಂಭಾಗ ಮೇಲೆ ನಿಲ್ಲುತ್ತದೆ, ಸೀಟು ಹಿಂದಕ್ಕೆ ವಾಲುತ್ತದೆ, ಸವಾರರ ಭಾರವೆಲ್ಲ ಸೀಟಿನ ಹಿಂದಿನ ಏರು, ಅಂದರೆ ಕ್ಯಾಂಟಲ್ ಕೆಳಗೆ ಬೀಳುತ್ತದೆ. ನೋಡುವವರು "ಕುರ್ಚಿಯಲ್ಲಿ ಕೂತ ಹಾಗೆ ಕೂತಿದ್ದೀರಿ, ಸೀಟು ಸರಿ ಮಾಡಿಕೊಳ್ಳಿ" ಅನ್ನುತ್ತಾರೆ. ಸ್ಯಾಡಲ್ ಸರಿಯಾಗದೆ ಸೀಟು ಎಲ್ಲಿಂದ ಸರಿಯಾಗಬೇಕು? ತಿಂಗಳುಗಟ್ಟಲೆ, ಉದ್ದ ಹಗ್ಗದಲ್ಲಿ ಕುದುರೆಯನ್ನು ಸುತ್ತಿಸಿ ಸೀಟು ಕಲಿಸುವ ಲಂಜ್ ಲೆಸನ್‌ಗೆ ದುಡ್ಡು ಹೋಯಿತು. ಕೊನೆಗೆ ಅರ್ಧ ಬೆಲೆಗೆ ಮಾರಿದೆ.

ಎರಡನೆಯದು ಸೆಕೆಂಡ್ ಹ್ಯಾಂಡ್ ಜರ್ಮನ್ ಸ್ಯಾಡಲ್. ಲಕ್ಷದ ಮೇಲೆ ಹತ್ತು ಸಾವಿರ. ಚರ್ಮ ಬೆಣ್ಣೆಯ ಹಾಗಿತ್ತು. 17.5 ಇಂಚಿನ ಸೀಟು, ದೊಡ್ಡ ನೀ ಬ್ಲಾಕ್ (ಮೊಣಕಾಲಿಗೆ ಆಸರೆ ಕೊಡುವ ದಿಂಬು), ಅದೂ ಒಳಗೇ ಹೊಲಿದದ್ದು. ಪ್ಯಾನೆಲ್ (ಬೆನ್ನಿಗೆ ತಾಗುವ ಕೆಳಗಿನ ಮೆತ್ತೆ) ಉದ್ದ ನಮ್ಮ ಕುದುರೆಯ ಕೊನೆಯ ಪಕ್ಕೆಲುಬು ದಾಟಿ ಹೋಗುತ್ತಿತ್ತು. ಮಾರಿದವರು "ಒಂದಿಂಚು ತಾನೇ, ಏನಾಗಲ್ಲ" ಅಂದಿದ್ದರು. ಆಗುತ್ತೆ. ಪಕ್ಕೆಲುಬು ಮುಗಿದ ಮೇಲೆ ಬೆನ್ನಿಗೆ ಕೆಳಗಿನಿಂದ ಆಸರೆ ಇಲ್ಲ, ಸಿಟ್ಟಿಂಗ್ ಟ್ರಾಟ್ (ಸೀಟಿನಿಂದ ಏಳದೆ ಕೂತೇ ಮಾಡುವ ಟ್ರಾಟ್ ನಡಿಗೆ) ಶುರು ಮಾಡಿದ ಕೂಡಲೇ ಕುದುರೆ ಬೆನ್ನು ಕೆಳಗೆ ಬಿಟ್ಟು ತಲೆ ಎತ್ತುತ್ತಿತ್ತು. ಇನ್ನೊಂದು ಕಡೆ ನನ್ನ ತೊಡೆ ಉದ್ದ, ಮೊಣಕಾಲು ಬ್ಲಾಕಿಗೆ ತಾಗಿ ಸೊಂಟವನ್ನು ಹಿಂದಕ್ಕೆ ತಳ್ಳುತ್ತಿತ್ತು. ಮಾರುವಾಗ ಮೂವತ್ತು ಸಾವಿರ ಕೈಬಿಟ್ಟಿತು. ಸೀಟಿನ ಸೈಜು ಅಂದರೆ ಎಲ್ಲರೂ ಸೊಂಟದ ಸುತ್ತಳತೆ ನೋಡುತ್ತಾರೆ. ನಾನು ಈಗ ಮೊದಲು ನೋಡುವುದು ತೊಡೆಯ ಉದ್ದ, ಆಮೇಲೆ ಫ್ಲ್ಯಾಪ್ (ಸವಾರರ ಕಾಲಿನ ಕೆಳಗೆ ಇಳಿಯುವ ಚರ್ಮದ ಹಾಳೆ) ಎಷ್ಟು ಮುಂದಿದೆ ಅನ್ನುವುದು. ಡ್ರೆಸ್ಸಾಜ್ ಅಂದ ಮಾತ್ರಕ್ಕೆ ಫ್ಲ್ಯಾಪ್ ಪೂರ್ತಿ ನೇರ ಇರಬೇಕು ಅಂತ ಏನಿಲ್ಲ. ಉದ್ದ ತೊಡೆಯವರಿಗೆ ಸ್ವಲ್ಪ ಮುಂದೆ ಕತ್ತರಿಸಿದ್ದು ಬೇಕೇ ಬೇಕು.

ಮೂರನೆಯದು ಈಗ ಇರುವುದು. ಗಲೆಟ್ ಪ್ಲೇಟ್ ಬದಲಿಸಬಹುದಾದ ಸ್ಯಾಡಲ್, ಬ್ಲಾಕ್ ವೆಲ್ಕ್ರೋದ್ದು, ಹಳೆಯದೇ. ಐವತ್ತೈದೋ ಅರವತ್ತೋ ಸಾವಿರ ಕೊಟ್ಟೆ. ವಿಂಟೆಕ್, ಬೇಟ್ಸ್ ಬ್ರಾಂಡಿನ ಸ್ಯಾಡಲ್ ಬಳಸುವವರಿಗೆ ಪ್ಲೇಟಿನ ಬಣ್ಣ ಗೊತ್ತು: ಹಳದಿ ನ್ಯಾರೋ, ಹಸಿರು ಮೀಡಿಯಂ ನ್ಯಾರೋ, ಕಪ್ಪು ಮೀಡಿಯಂ, ನೀಲಿ ಮೀಡಿಯಂ ವೈಡ್, ಕೆಂಪು ವೈಡ್. ಫ್ಲೆಕ್ಸಿಬಲ್ ಕರ್ವ್ (ಬಗ್ಗುವ ಅಳತೆಪಟ್ಟಿ) ಬೆನ್ನಿಗೆ ಬಗ್ಗಿಸಿ ರಟ್ಟಿನ ಮೇಲೆ ಗೆರೆ ಎಳೆದರೆ ನಮ್ಮ ಕುದುರೆಗೆ ಹಸಿರು ಬರುತ್ತಿತ್ತು. ಹಳದಿ ಹಾಕಿ ಅಂದವರೂ ಇದ್ದರು. ನಾನು ಕಪ್ಪು ಹಾಕಿದೆ.

ಯಾಕೆ ಅಂದರೆ ಆ ಗುಳಿ ಕುದುರೆಯ ನಿಜವಾದ ಆಕಾರ ಅಲ್ಲ. ಅಲ್ಲಿ ಇರಬೇಕಾದ ಸ್ನಾಯು ಕರಗಿದೆ, ಅಷ್ಟೇ. ಗುಳಿಗೆ ತಕ್ಕ ಹಾಗೆ ಕಬ್ಬಿಣ ಬಿಗಿದರೆ ಸ್ನಾಯು ಬೆಳೆಯುವುದಕ್ಕೆ ಜಾಗವೇ ಇರುವುದಿಲ್ಲ. ಅದಕ್ಕೆ ಪ್ಲೇಟು ಮುಂದೆ ಆಗಬೇಕಾದ ಬೆನ್ನಿಗೆ, ಶಿಮ್ಮು (ಸಂದು ತುಂಬುವ ತೆಳು ಮೆತ್ತೆ) ಇವತ್ತಿನ ಬೆನ್ನಿಗೆ. ಜೇಬಿರುವ ಹಾಫ್ ಪ್ಯಾಡ್ (ಸ್ಯಾಡಲ್ ಕೆಳಗೆ ಹಾಕುವ ಚಿಕ್ಕ ಹಾಸು) ಕೊಂಡು ಮುಂದೆ ಎರಡೂ ಕಡೆ ಶಿಮ್ ತುಂಬಿದೆ, ಬಲಗಡೆ ಒಂದು ಪದರ ಜಾಸ್ತಿ. ವಿದರ್ಸ್ ಮೇಲೆ, ನಾನು ಹತ್ತಿ ಕೂತ ಮೇಲೂ, ಎರಡು ಬೆರಳು ಆರಾಮಾಗಿ ಹೋಗುತ್ತಿತ್ತು. ಹಿರಿಯರು ಹೇಳಿದ ಅಪಾಯ ನಿಜವೇ, ಶಿಮ್ ಇಲ್ಲದೆ ಹಾಕಿದ್ದರೆ ಅದೇ ಆಗುತ್ತಿತ್ತು. ಶಿಮ್ಮಿನ ಅಂಚನ್ನು ಹೇಗೆ ಇಳಿಜಾರಾಗಿ ಕತ್ತರಿಸಿದೆ, ಯಾವುದರಲ್ಲಿ ಮಾಡಿದೆ ಅನ್ನುವುದು ನನ್ನ ಹತ್ತಿರವೇ ಇರಲಿ. ಅಂಗಡಿಯಲ್ಲಿ ಸಿಗುವ ಚೌಕ ಶಿಮ್ ಮಾತ್ರ ಬೇಡ, ಅದರ ಅಂಚೇ ಒತ್ತುತ್ತದೆ.

ಒತ್ತಡ ನೋಡುವುದಕ್ಕೆ ಒಂದು ಪ್ರಯೋಗ ಮಾಡಿದೆ. ಮೈದಾ ಹಿಟ್ಟು ಗಟ್ಟಿಯಾಗಿ ಕಲಸಿ, ಅಡಿಕೆ ಗಾತ್ರದ ಉಂಡೆಗಳನ್ನು ತೆಳು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಒಂದೊಂದು ಕಡೆ ಮುಂದೆ, ಮಧ್ಯೆ, ಹಿಂದೆ ಅಂತ ತೆಳು ಬಟ್ಟೆಯ ಮೇಲೆ ಇಟ್ಟೆ. ಮೇಲೆ ಸ್ಯಾಡಲ್ ಹಾಕಿ ಹತ್ತಿ ಮೆನೇಜಿನಲ್ಲಿ (ಸವಾರಿ ಅಂಗಳದಲ್ಲಿ) ಒಂದೆರಡು ಸುತ್ತು ಬರೀ ವಾಕ್. ನಮ್ಮ ಕುದುರೆ ನೋಡಿಕೊಳ್ಳುವ ಸೈಸ್ ಅಣ್ಣ "ಮೇಡಂ, ಕುದುರೆ ಬೆನ್ನಲ್ಲಿ ಚಪಾತಿ ಮಾಡ್ತೀರಾ" ಅಂತ ನಕ್ಕ. ಹಸಿರು ಪ್ಲೇಟಿನಲ್ಲಿ ಮುಂದಿನ ಉಂಡೆ ಕಾಗದದಷ್ಟು ತೆಳ್ಳಗಾಗಿತ್ತು, ಮಧ್ಯದ್ದು ಹೆಚ್ಚು ಕಮ್ಮಿ ಉಂಡೆಯಾಗಿಯೇ ಉಳಿದಿತ್ತು, ಹಿಂದಿನದು ಮತ್ತೆ ಚಪ್ಪಟೆ. ಅಂದರೆ ಬ್ರಿಡ್ಜಿಂಗ್, ಸೇತುವೆಯ ಹಾಗೆ ಎರಡು ತುದಿ ಮಾತ್ರ ಒತ್ತುವುದು. ಕಪ್ಪು ಪ್ಲೇಟು, ಶಿಮ್ಮು ಹಾಕಿ ಅದೇ ಮಾಡಿದಾಗ ಮೂರೂ ಹತ್ತಿರ ಹತ್ತಿರ ಒಂದೇ ದಪ್ಪ. ಆ ಬಿಲ್ಲೆಗಳನ್ನು ಸಾಲಾಗಿಟ್ಟು ತೋರಿಸಿದ ಮೇಲೆ ಸೈಸ್ ಅಣ್ಣ ಪೂರ್ತಿ ನನ್ನ ಕಡೆ.

ಬೆವರಿನ ಗುರುತನ್ನೇ ನಂಬುವವರು ತುಂಬಾ ಜನ. ಒದ್ದೆಯ ನಡುವೆ ಒಣ ಜಾಗ ಕಂಡರೆ ಅಲ್ಲಿ ಒತ್ತಡ ಜಾಸ್ತಿ ಇರಬಹುದು, ಪ್ಯಾನೆಲ್ ತಾಗದೇ ಇರುವುದೂ ಇರಬಹುದು. ಕೈಯಿಟ್ಟು ಒತ್ತಿ ನೋಡದೆ ಯಾವುದು ಅಂತ ಹೇಳುವುದಕ್ಕೆ ಆಗುವುದಿಲ್ಲ. ನಮ್ಮ ಬೆಂಗಳೂರಿನ ಡಿಸೆಂಬರ್ ಬೆಳಗಿನಲ್ಲಿ ಸರಿಯಾಗಿ ಬೆವರುವುದೂ ಕಷ್ಟ. ಬಿಳಿ ಕೂದಲು ಬಂದಿದ್ದರೆ ಮಾತ್ರ ಅನುಮಾನವೇ ಬೇಡ, ಆದರೆ ಅದು ಬರುವಷ್ಟರಲ್ಲಿ ತಡವಾಗಿರುತ್ತದೆ.

ಇನ್ನೊಂದು ಪ್ರಯೋಗ ಕೈಕೊಟ್ಟಿತು. ಸ್ಯಾಡಲ್ ಬಲಕ್ಕೆ ಜಾರುತ್ತಿದೆ ಅಂತ ಅಡುಗೆಮನೆ ಕಪಾಟಿಗೆ ಹಾಸುವ ರಬ್ಬರ್ ಜಾಲರಿಯನ್ನು ಪ್ಯಾಡ್ ಕೆಳಗೆ ಹಾಕಿದೆ. ಜಾರುವುದು ನಿಂತಿತು. ಆದರೆ ಕೂದಲು ಎಳೆದು ಎಳೆದು ಚರ್ಮ ಕೆಂಪಾಯಿತು. ಜಾರುವುದಕ್ಕೆ ಕಾರಣ ಆ ದಪ್ಪ ಎಡ ಹೆಗಲು, ಬಲಗಡೆ ಹೆಚ್ಚಿನ ಶಿಮ್ ಹಾಕಿದ ಮೇಲೆ ತಾನಾಗಿ ನಿಂತಿತು.

ಸ್ಯಾಡಲ್ ಇಡುವ ಜಾಗದ ಬಗ್ಗೆ ಕ್ಲಬ್ಬಿನಲ್ಲಿ ಜಗಳವಾಡುವಷ್ಟು ಹೇಳಿದ್ದೇನೆ. ಎಲ್ಲರೂ ಮುಂದಕ್ಕೆ ಇಡುತ್ತಾರೆ. ಮುಂಗಾಲು ಹಿಡಿದು ಮುಂದಕ್ಕೆ ಎಳೆದು, ಹೆಗಲ ಮೂಳೆ ಎಷ್ಟು ಹಿಂದೆ ಬರುತ್ತದೆ ಅಂತ ಕೈಯಿಟ್ಟು ನೋಡಿ. ಟ್ರೀ ಪಾಯಿಂಟ್ (ಟ್ರೀಯ ಮುಂದಿನ ತುದಿ) ಅದರ ಹಿಂದೆ ಇರಬೇಕು. ಹಾಗೆ ಇಟ್ಟಾಗ ಸೀಟಿನ ತಗ್ಗು ಮಧ್ಯಕ್ಕೆ ಬರದಿದ್ದರೆ ಆ ಸ್ಯಾಡಲ್ ವಾಪಸ್ ಕೊಟ್ಟುಬಿಡಿ, ಪ್ಯಾಡ್ ಮೇಲೆ ಪ್ಯಾಡ್ ಹಾಕಿ ಸರಿಮಾಡುವ ಆಸೆ ಬೇಡ.

ನನ್ನ ಕಡೆಯ ಫಿಟ್ಟಿಂಗ್ ಸುಲಭವಾಗಿ ಮುಗಿಯಿತು. ರಿಕಾಪು ಬಿಟ್ಟು ಕಾಲು ಸುಮ್ನೆ ಇಳಿಬಿಟ್ಟೆ, ಪಾದ ಎಲ್ಲಿ ನಿಂತಿತೋ ರಿಕಾಪೂ ಅಲ್ಲೇ ತೂಗುತ್ತಿತ್ತು. ದೊಡ್ಡ ಬ್ಲಾಕ್ ಕಿತ್ತು ಚಿಕ್ಕದನ್ನು ಎರಡು ಬೆರಳು ಕೆಳಗೆ ಅಂಟಿಸಿದೆ. ಮೊದಲ ವಾರ ಹಿಡಿತವೇ ಇಲ್ಲ ಅನ್ನಿಸಿತು, ಆಮೇಲೆ ಸೊಂಟ ಬಿಡುವಾಯಿತು. ಕ್ಯಾಂಟರ್ ಟ್ರಾನ್ಸಿಷನ್‌ನಲ್ಲಿ ಕುದುರೆ ಕಿವಿ ಹಿಂದೆ ಹಾಕುವುದನ್ನು ಬಿಟ್ಟಿತು.

ಒಟ್ಟು ಲೆಕ್ಕ: ಮಾರಾಟದಲ್ಲಿ ಹೋದದ್ದು ನಲವತ್ತು ಸಾವಿರದ ಹತ್ತಿರ. ಈಗಿನ ಸ್ಯಾಡಲ್, ಪ್ಲೇಟು, ಹಾಫ್ ಪ್ಯಾಡ್ ಸೇರಿ ಎಪ್ಪತ್ತು ಸಾವಿರ. ಪ್ಯಾನೆಲ್ ಒಳಗೆ ಉಣ್ಣೆ ಮತ್ತೆ ತುಂಬಿಸಲು ನಾಲ್ಕೈದು ಸಾವಿರ. ಆ ಕೆಲಸದವರು ಯಾರು ಅಂತ ಎಲ್ಲರೂ ಕೇಳುತ್ತಾರೆ, ಹೇಳುವುದಿಲ್ಲ, ಅವರ ಹತ್ತಿರ ಈಗಲೇ ತಿಂಗಳ ಸರದಿ ಇದೆ.

ಮೂರು ನಾಲ್ಕು ತಿಂಗಳಿಗೊಮ್ಮೆ ರಟ್ಟಿನ ಮೇಲೆ ಹೊಸ ಗೆರೆ ಎಳೆದು ಹಳೆಯದರ ಪಕ್ಕ ಇಡುತ್ತೇನೆ. ಲಂಜಿಂಗ್, ಪೋಲ್ ವರ್ಕ್ (ನೆಲದ ಮೇಲಿಟ್ಟ ಕೋಲು ದಾಟಿಸುವುದು) ಬಿಡದೆ ಮಾಡಿದ್ದರಿಂದ ಗೆರೆ ಪ್ರತಿ ಸಲವೂ ಸ್ವಲ್ಪ ಹೊರಗೆ ಬಂದಿದೆ. ಪದರ ಪದರವಾಗಿ ಶಿಮ್ ತೆಗೆಯುತ್ತಾ ಬಂದೆ. ಮೊನ್ನೆ ಆ ಹಿರಿಯರು ಬಂದು ಬೆನ್ನುದ್ದಕ್ಕೂ ಬೆರಳು ಒತ್ತಿ ನೋಡಿದರು, ಕುದುರೆ ಅಲುಗಾಡಲಿಲ್ಲ. ತಮ್ಮ ಹೆಣ್ಣು ಕುದುರೆಗೂ ಒಂದು ಕಪ್ಪು ಪ್ಲೇಟ್ ಎಲ್ಲಾದರೂ ಸಿಗುತ್ತದೆಯೇ ಅಂತ ಕೇಳಿದರು. ಅದಕ್ಕೆ ಕಪ್ಪು ಸಾಲದು, ನೀಲಿ ಬೇಕಾಗುತ್ತದೆ ಅಂತ ನನ್ನ ಲೆಕ್ಕ. ಭಾನುವಾರ ಅಳತೆ ತೆಗೆಯುತ್ತಿದ್ದೇವೆ.