ಇಲ್ಲದ ಮೆಥಡ್ ಕರೆದು ಎಕ್ಸ್‌ಎಂಎಲ್ ಬರೆಸುವುದು ಹೇಗೆ?

ಶಿವಮೊಗ್ಗದ ಅಡಿಕೆ ಮಂಡಿಗಳಿಗೆ ಬಿಲ್ಲಿಂಗ್ ಪ್ರೋಗ್ರಾಂ ಮಾಡಿಕೊಡುವ ಹುಡುಗರ ಕೋಡ್ ಆಗಾಗ ನನ್ನ ಬಳಿ ರಿಪೇರಿಗೆ ಬರುತ್ತದೆ. ದಿನದ ಧಾರಣೆಯನ್ನು ಎಕ್ಸ್‌ಎಂಎಲ್ ಫೈಲ್ (ಪ್ರತಿ ಮಾಹಿತಿಯನ್ನೂ ಬ್ರ್ಯಾಕೆಟ್ಟಿನೊಳಗಿನ ಹೆಸರಿನಿಂದ, ಅಂದರೆ ಟ್ಯಾಗಿನಿಂದ, ಸುತ್ತಿಟ್ಟ ಫೈಲ್) ಮಾಡಿ ಕಳಿಸಬೇಕಾದ ಕಡೆ ಎಲ್ಲರೂ ಒಂದೇ ಕೆಲಸ ಮಾಡಿರುತ್ತಾರೆ. ಬ್ರ್ಯಾಕೆಟ್, ಹೆಸರು, ಮತ್ತೆ ಬ್ರ್ಯಾಕೆಟ್ ಅಂತ ಸ್ಟ್ರಿಂಗಿಗೆ ಸ್ಟ್ರಿಂಗ್ ಅಂಟಿಸುತ್ತಾ ಹೋಗುವುದು. ರಾಶಿ, ಬೆಟ್ಟೆ, ಸರಕು ಅಂತ ಅಡಿಕೆಯ ಬಗೆ ಬರೆಯುವವರೆಗೆ ಸರಿ. ಅಂಗಡಿಯ ಹೆಸರಲ್ಲಿ ಒಂದು & ಬಂತೋ, ಫೈಲ್ ಓದುವ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ. ಪೇಟೆಯಲ್ಲಿ '& ಸನ್ಸ್' ಬೋರ್ಡಿಗೇನು ಬರವೇ?

ರೂಬಿ ಭಾಷೆಯಲ್ಲಿ ಇದಕ್ಕೆ ಜಿಮ್ ವೈರಿಕ್ ಬರೆದ ಬಿಲ್ಡರ್ ಎಂಬ ಲೈಬ್ರರಿ ಇದೆ. ನಾನು ಹೇಳುವುದು ಅದನ್ನೇ ಬಳಸಿ ಅಂತ.

ಹಂತ 1: ಬಿಲ್ಡರ್ ಜೆಮ್ (ರೂಬಿ ಲೈಬ್ರರಿಯ ಪ್ಯಾಕೇಜ್) ಹಾಕಿಕೊಳ್ಳಿ. ರೂಬಿಯ ವೆಬ್ ಚೌಕಟ್ಟಾದ ರೈಲ್ಸ್ ಇದ್ದವರಿಗೆ ಅದು ಜೊತೆಗೇ ಬಂದಿರುತ್ತದೆ.

ಹಂತ 2: ಕೊನೆಗೆ ಬರಬೇಕಾದ ಫೈಲಿನ ಒಂದು ಮಾದರಿಯನ್ನು ಕೈಯಲ್ಲೇ ಬರೆದಿಟ್ಟುಕೊಳ್ಳಿ. ಧಾರಣೆ, ತೂಕದಂಥ ಮುಖ್ಯ ಸಂಗತಿಗೆ ಬೇರೆ ಟ್ಯಾಗ್ ಇರಲಿ, ಟ್ಯಾಗಿನ ಬ್ರ್ಯಾಕೆಟ್ಟಿನೊಳಗೇ ಬರುವ ಆಟ್ರಿಬ್ಯೂಟಿಗೆ ತುರುಕಬೇಡಿ.

ಹಂತ 3: ಈಗ ಕೋಡ್. ಬಿಲ್ಡರಿನ ಆಬ್ಜೆಕ್ಟಿಗೆ 'ಪಟ್ಟಿ' ಎಂದು ಹೆಸರಿಟ್ಟಿದ್ದೇವೆ ಅಂದುಕೊಳ್ಳಿ.

ಪಟ್ಟಿ.ಮಾಲು(ಬಗೆ: "ಗೊರಬಲು") {
  ಪಟ್ಟಿ.ಅಂಗಡಿ "ಅಪ್ಪ & ಮಕ್ಕಳು"
  ಪಟ್ಟಿ.ತೂಕ 12
}

ಇದು ತೋರಿಕೆಗೆ ಬರೆದದ್ದಲ್ಲ, ಹೀಗೇ ಓಡುತ್ತದೆ. ರೂಬಿ ಕನ್ನಡದ ಹೆಸರುಗಳನ್ನು ಒಪ್ಪುತ್ತದೆ. ಎಕ್ಸ್‌ಎಂಎಲ್ ಕೂಡ 1998ರ ಮೊದಲ ನಿಯಮದಿಂದಲೇ ಟ್ಯಾಗಿನಲ್ಲಿ ಕನ್ನಡ ಅಕ್ಷರ ಒಪ್ಪಿದೆ. 'ತೂಕ' ಎಂಬ ಮೆಥಡ್ ಬಿಲ್ಡರಿನಲ್ಲಿ ಎಲ್ಲೂ ಇಲ್ಲ. ಇಲ್ಲದ ಮೆಥಡ್ ಕರೆದರೆ ರೂಬಿ ತಕ್ಷಣ ಬೈಯುವುದಿಲ್ಲ, ಮೊದಲು 'ಮೆಥಡ್ ಮಿಸ್ಸಿಂಗ್' ಎಂಬ ಇನ್ನೊಂದು ಮೆಥಡ್‌ಗೆ ಆ ಹೆಸರನ್ನು ದಾಟಿಸುತ್ತದೆ. ಬಿಲ್ಡರ್ ಅಲ್ಲಿ ಕಾದು ಕೂತು, ಬಂದ ಹೆಸರನ್ನೇ ಟ್ಯಾಗ್ ಮಾಡಿ <ತೂಕ>12</ತೂಕ> ಎಂದು ಬರೆಯುತ್ತದೆ. & ಗುರುತನ್ನೂ ತಾನೇ ಎಸ್ಕೇಪ್ ಮಾಡುತ್ತದೆ, ಅಂದರೆ ಫೈಲ್ ಕೆಡದ ರೂಪಕ್ಕೆ ಬದಲಿಸಿ ಬರೆಯುತ್ತದೆ. ಎರಡು ಕೋನದ << ಗುರುತು ಹಾಕಿ ಪಠ್ಯವನ್ನು ಹಾಗೇ ಒಳಗೆ ತಳ್ಳುವ ಅಡ್ಡದಾರಿಯೂ ಇದೆ. ಅದರಲ್ಲಿ ಎಸ್ಕೇಪ್ ಆಗುವುದಿಲ್ಲ, ಅಂದರೆ ಮತ್ತೆ ಸ್ಟ್ರಿಂಗ್ ಅಂಟಿಸಿದ ಹಾಗೇ ಆಯಿತು.

ಹಂತ 4: ಬೇಲಿ ಹಾಕಿ. ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ.

ಯಾವ ಹೆಸರು ಕೊಟ್ಟರೂ ಟ್ಯಾಗ್ ಆಗುತ್ತದೆ ಅಂದರೆ ತಪ್ಪು ಹೆಸರೂ ಆಗುತ್ತದೆ, ಅಲ್ವಾ? 'ಧಾರಣೆ' ಬದಲು ಯಾರೋ 'ದಾರಣೆ' ಎಂದು ಒತ್ತಿದರು. ರೂಬಿ ಸುಮ್ಮನಿರುತ್ತದೆ, ಬಿಲ್ಡರೂ ಸುಮ್ಮನಿರುತ್ತದೆ. ಫೈಲ್ ನೋಡಲು ಚೆನ್ನಾಗಿಯೇ ಇರುತ್ತದೆ. ಆ ಕಡೆ ಓದುವವರಿಗೆ ಮಾತ್ರ ಧಾರಣೆ ಸಿಗುವುದಿಲ್ಲ.

ಕನ್ನಡದಲ್ಲಿ ಕಣ್ಣಿಗೆ ಕಾಣದ ತಪ್ಪುಗಳೂ ಇವೆ. 'ಗೊರಬಲು' ತಗೊಳ್ಳಿ. ಅದರ 'ೊ' ಚಿಹ್ನೆ ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿರಬಹುದು, ಇಲ್ಲವೇ 'ೆ' ಮತ್ತು 'ೂ' ಎಂಬ ಎರಡು ಸಂಕೇತ ಸೇರಿ ಆಗಿರಬಹುದು. ತೆರೆಯ ಮೇಲೆ ಒಂದೇ ಥರ ಕಾಣುತ್ತದೆ, ರೂಬಿಗೆ ಎರಡು ಬೇರೆ ಹೆಸರು. 'ಲಾಟ್‌ಸಂಖ್ಯೆ' ಇನ್ನೂ ಕೆಟ್ಟದು. 'ಟ್' ಕೆಳಗೆ 'ಸ' ಒತ್ತಾಗದಂತೆ ಅಲ್ಲಿ ಒಂದು ಕಾಣದ ಅಕ್ಷರ ಕೂತಿರುತ್ತದೆ. ಎಕ್ಸ್‌ಎಂಎಲ್‌ನ ಹಳೆಯ ನಿಯಮದಲ್ಲಿ ಹೆಸರಿನೊಳಗೆ ಅದಕ್ಕೆ ಜಾಗವಿರಲಿಲ್ಲ, 2008ರ ಐದನೇ ಆವೃತ್ತಿ ಒಳಗೆ ಬಿಟ್ಟಿತು. ಹಾಗಾಗಿ ಒಂದು ಪಾರ್ಸರ್ (ಫೈಲ್ ಓದುವ ಪ್ರೋಗ್ರಾಂ) ಓದಿದ್ದನ್ನು ಇನ್ನೊಂದು ಒದ್ದು ಹೊರಗೆ ಹಾಕಬಹುದು. ಟ್ಯಾಗ್ ಹೆಸರಿನಲ್ಲಿ ಇಂಥ ಪದ ಬೇಡವೇ ಬೇಡ. 'ಲಾಟ್' ಸಾಕು, ಇಲ್ಲದಿದ್ದರೆ 'ಲಾಟ್_ಸಂಖ್ಯೆ'.

ಬೇಲಿ ಹೀಗೆ: ಬಿಲ್ಡರಿನ ಕ್ಲಾಸಿನಿಂದ ನಿಮ್ಮದೊಂದು ಕ್ಲಾಸ್ ಮಾಡಿ. ಬಳಸಬಹುದಾದ ಹೆಸರುಗಳನ್ನೆಲ್ಲ ಒಂದೇ ಕಡೆ ಪಟ್ಟಿ ಮಾಡಿಡಿ. ಬಂದ ಹೆಸರನ್ನು ಯುನಿಕೋಡ್ ನಾರ್ಮಲೈಸ್ ಮಾಡಿ (ರೂಬಿ 2.2ರಿಂದ ಸ್ಟ್ರಿಂಗಿನಲ್ಲೇ ಈ ಮೆಥಡ್ ಇದೆ), ಆಮೇಲೆ ಆ ಹೆಸರುಗಳ ಪಟ್ಟಿಯಲ್ಲಿ ಹುಡುಕಿ. ಇದ್ದರೆ 'ಸೂಪರ್' ಕರೆದು ಬಿಲ್ಡರಿನ ಮೂಲ ಮೆಥಡ್ಡಿಗೆ ಕಳಿಸಿ, ಇಲ್ಲದಿದ್ದರೆ ಎರರ್ ಎಸೆಯಿರಿ. ನಾರ್ಮಲೈಸ್ ಮಾಡಿದರೆ ಎರಡು ಸಂಕೇತದ 'ೊ' ಒಂದಾಗುತ್ತದೆ, ಆದರೆ ಆ ಕಾಣದ ಅಕ್ಷರ ಹೋಗುವುದಿಲ್ಲ. ಅದನ್ನು ಬೇಲಿಯೇ ತಡೆಯಬೇಕು.

ಬೇಲಿಯನ್ನು ಮೆಥಡ್ ಮಿಸ್ಸಿಂಗಿಗೆ ಹಾಕಬೇಡಿ. ಬಿಲ್ಡರಿನಲ್ಲಿ 'ಟ್ಯಾಗ್!' ಎಂಬ ಮೆಥಡ್ ಇದೆ, ಎಲ್ಲ ಹೆಸರೂ ಕೊನೆಗೆ ಅದನ್ನು ದಾಟಿಯೇ ಹೋಗಬೇಕು. ಅಲ್ಲಿ ಹಾಕಿದರೆ ಹಿಂಬಾಗಿಲು ಉಳಿಯುವುದಿಲ್ಲ.

ಎರರ್ ಎಸೆಯುವಾಗಲೂ ಹುಷಾರು. ಬಿಲ್ಡರ್ ನಿಂತಿರುವುದು ರೂಬಿ 1.9ರಲ್ಲಿ ಬಂದ 'ಬೇಸಿಕ್ ಆಬ್ಜೆಕ್ಟ್' ಮೇಲೆ. ಅದರಲ್ಲಿ ಹೆಚ್ಚೇನೂ ಮೆಥಡ್ ಇಲ್ಲ, ಎರರ್ ಎಸೆಯುವ 'ರೈಸ್' ಕೂಡ ಇಲ್ಲ. ಒಳಗೆ ಸುಮ್ನೆ ರೈಸ್ ಎಂದು ಬರೆದರೆ ಅದೂ ಇಲ್ಲದ ಮೆಥಡ್ ಲೆಕ್ಕಕ್ಕೆ ಬಂದು ಟ್ಯಾಗ್ ಆಗಲು ಹೊರಡುತ್ತದೆ. ಬೇಲಿ ತಡೆಯುತ್ತದೆ, ತಡೆಯಲು ಮತ್ತೆ ರೈಸ್ ಕರೆಯುತ್ತದೆ, ಸ್ಟ್ಯಾಕ್ ತುಂಬುವವರೆಗೆ ಇದೇ ಸುತ್ತು. ರೈಸ್ ಇರುವುದು 'ಕರ್ನಲ್' ಎಂಬಲ್ಲಿ. ಮುಂದೆ ಎರಡು ಕೋಲನ್ ಹಾಕಿ ಅದರ ಹೆಸರು ಹಿಡಿದೇ ರೈಸ್ ಕರೆಯಿರಿ.

ಬಿಲ್ಡರ್ ಬಿಟ್ಟು ನೀವೇ ಇಂಥ ಕ್ಲಾಸ್ ಬರೆಯುವುದಾದರೂ ಬೇಸಿಕ್ ಆಬ್ಜೆಕ್ಟಿನಿಂದಲೇ ಶುರು ಮಾಡಿ. ಮಾಮೂಲಿ ಆಬ್ಜೆಕ್ಟಿನಲ್ಲಿ ಕ್ಲಾಸ್, ಹ್ಯಾಶ್, ಡಿಸ್‌ಪ್ಲೇ ಹೆಸರಿನ ಮೆಥಡ್‌ಗಳು ಮೊದಲೇ ಇವೆ. ಇಂಗ್ಲಿಷಿನಲ್ಲಿ ಆ ಹೆಸರಿನ ಟ್ಯಾಗ್ ಬೇಕಾದರೆ ರೂಬಿ ಅವನ್ನೇ ಕರೆಯುತ್ತದೆ, ಮೆಥಡ್ ಮಿಸ್ಸಿಂಗ್‌ವರೆಗೆ ಸುದ್ದಿಯೇ ಹೋಗುವುದಿಲ್ಲ. ಕನ್ನಡದ ಟ್ಯಾಗಿಗೆ ಈ ಕಾಟವಿಲ್ಲ.

ಹಂತ 5: ಹೆಸರಿನ ಮಧ್ಯೆ ಹೈಫನ್ ಇದ್ದರೆ ರೂಬಿ ಅದನ್ನು ಕಳೆಯುವ ಗುರುತು ಎಂದು ತಿಳಿಯುತ್ತದೆ. ಅಂಥವನ್ನು 'ಟ್ಯಾಗ್!'ಗೆ ಸ್ಟ್ರಿಂಗಾಗಿ ಕೊಡಿ.

ಪೈಥಾನಿನವರಿಗೆ ಒಂದು ಮಾತು. ಅಲ್ಲಿ ಇದೇ ಕೆಲಸವನ್ನು ಇಲ್ಲದ ಹೆಸರು ಕೇಳಿದಾಗ ಓಡುವ 'ಗೆಟ್‌ಆಟರ್' ಮೆಥಡ್‌ನಿಂದ ಮಾಡಬಹುದು. ಆದರೆ ಎಕ್ಸ್‌ಎಂಎಲ್ ಬರೆಯುವ ಎಲಿಮೆಂಟ್‌ಟ್ರೀ ಲೈಬ್ರರಿಯ 'ಟುಸ್ಟ್ರಿಂಗ್'ಗೆ ಎನ್‌ಕೋಡಿಂಗ್ ಹೇಳದೇ ಬಿಟ್ಟರೆ ಅದು ಕನ್ನಡ ಅಕ್ಷರವೇ ಇಲ್ಲದ ಆಸ್ಕಿಯಲ್ಲೇ ಬರೆಯುತ್ತದೆ, 'ಅ' ಹೋಗಿ &#3205; ಆಗುತ್ತದೆ. ಪಠ್ಯದಲ್ಲಾದರೆ ಪರವಾಗಿಲ್ಲ, ಪಾರ್ಸರ್ ಅದನ್ನು ಮತ್ತೆ 'ಅ' ಎಂದೇ ಓದುತ್ತದೆ. ಟ್ಯಾಗ್ ಹೆಸರಿನಲ್ಲಿ ಹಾಗಾದರೆ ಫೈಲೇ ಕೆಟ್ಟಿತು. ಯುಟಿಎಫ್-8 ಎಂದು ಬಾಯಿಬಿಟ್ಟು ಹೇಳಿ.

ಹಂತ 6: ಕಳಿಸುವ ಮುಂಚೆ ಫೈಲನ್ನು ಬೇರೊಂದು ಪಾರ್ಸರಿನಿಂದ ಓದಿಸಿ, & ಇರುವ ಅಂಗಡಿ ಮತ್ತು ಗೊರಬಲು ಎರಡೂ ಬಂದಿರುವ ದಿನದ ಫೈಲನ್ನೇ ಆರಿಸಿಕೊಂಡು. ಓದಲು ಸುಲಭವಾಗುವಂತೆ ಸಾಲುಗಳನ್ನು ಒಳಸರಿಸಿ ಬರೆಯುವ ಇಂಡೆಂಟ್ ಆಯ್ಕೆ ಪರೀಕ್ಷೆಗೆ ಮಾತ್ರ ಇರಲಿ, ಕಳಿಸುವ ಫೈಲಿಗೆ ಬೇಡ.