ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಕೆಲಸದ ನಡುವೆ ಮೈ ಸರಿಯಿಲ್ಲದಾದರೆ ಮನೆಗೆ ಹೊರಡುವ ಬಗೆ

ಹೊಲಿಗೆಯ ಲೈನಿನಲ್ಲಿ ಕುಳಿತವರಿಗೆ ಜ್ವರ ಏರುತ್ತಿರುವುದು ಎಷ್ಟೋ ಸಲ ಕೈಯಲ್ಲೇ ಮೊದಲು ತಿಳಿಯುತ್ತದೆ. ಕಾಲರಿನ ತಿರುವಿನಲ್ಲಿ ಹೊಲಿಗೆ ಸೊಟ್ಟ ಹೋಗುತ್ತದೆ, ಬಿಚ್ಚಿ ಮತ್ತೆ ಹೊಲಿದರೂ ಹಾಗೆಯೇ ಆಗುತ್ತದೆ, ಅಷ್ಟರಲ್ಲಿ ಪಕ್ಕದಲ್ಲಿ ಬಂಡಲ್‌ಗಳು ಬೆಳೆದಿರುತ್ತವೆ. ಊಟದ ಬೆಲ್ ಆಗುವವರೆಗೆ ಹೇಗೋ ತಡೆದುಕೊಳ್ಳೋಣ ಎಂದು ಹೆಚ್ಚಿನವರು ಕೂರುತ್ತಾರೆ. ಹಾಗೆ ಕೂರಬೇಡಿ. ತಲೆ ಸುತ್ತುತ್ತಿರುವಾಗ ಓಡುವ ಸೂಜಿಯ ಮುಂದೆ ಬೆರಳಿಡುವುದು ಅಪಾಯವಾದ್ದರಿಂದ, ಮೊದಲು ಮೆಷಿನ್‌ನ ಸ್ವಿಚ್ ಆರಿಸಿ.

ಮುಂದಿನ ಮಾತು ಸೂಪರ್‌ವೈಸರ್ ಜೊತೆ. ಒಬ್ಬರು ಎದ್ದರೆ ಹಿಂದಿನ ಪೀಸ್‌ಗಳೆಲ್ಲ ಅಲ್ಲೇ ನಿಲ್ಲುವುದರಿಂದ ಅವರ ಚಿಂತೆ ಟಾರ್ಗೆಟ್‌ನದ್ದೇ ಆಗಿರುತ್ತದೆ. ಆದುದರಿಂದ ‘ಹುಷಾರಿಲ್ಲ’ ಎಂದಷ್ಟೇ ಹೇಳಿ ನಿಲ್ಲುವುದಕ್ಕಿಂತ, ‘ಸರ್, ಎರಡು ಸಲ ವಾಂತಿ ಆಯಿತು, ಕಣ್ಣು ಕತ್ತಲೆ ಬರುತ್ತಿದೆ, ಮೆಷಿನ್ ಮೇಲೆ ಕೂರಲು ಆಗುತ್ತಿಲ್ಲ, ಈ ಬಂಡಲ್‌ನಲ್ಲಿ ಹನ್ನೆರಡು ಪೀಸ್ ಉಳಿದಿದೆ, ಬೇರೆಯವರನ್ನು ಕೂರಿಸಿ’ ಎಂದರೆ ಕೆಲಸ ಬೇಗ ಆಗುತ್ತದೆ. ಗಂಡಸರ ಮುಂದೆ ಹೇಳಿಕೊಳ್ಳಲಾಗದ ತೊಂದರೆಯಾದರೆ ನೇರವಾಗಿ ನರ್ಸ್ ಬಳಿ ಹೋಗಲು ಕೇಳಿ, ಕಾರಣ ವಿವರಿಸಬೇಕಾಗಿಲ್ಲ.

500ಕ್ಕಿಂತ ಹೆಚ್ಚು ಜನ ದುಡಿಯುವ ಕಾರ್ಖಾನೆಯಲ್ಲಿ ಆಂಬುಲೆನ್ಸ್ ಕೋಣೆ, ಅಂದರೆ ಪ್ರಥಮ ಚಿಕಿತ್ಸೆ ಕೊಡುವ ಕೋಣೆ, ಇರಲೇಬೇಕು. ಅಲ್ಲಿ ಮಾತ್ರೆ ನುಂಗಿ ಹಾಗೆಯೇ ಎದ್ದು ಬರಬೇಡಿ. ನಿಮ್ಮ ಹೆಸರು, ಬಂದ ಸಮಯ, ತೊಂದರೆ ಏನೆಂಬುದು ಅಲ್ಲಿನ ಪುಸ್ತಕದಲ್ಲಿ ಬರೆದಾಗಿದೆಯೇ ಎಂದು ನೋಡಿ. ಎದೆ ಹಿಸುಕಿದಂತಾಗಿ ಬೆವರುತ್ತಿದ್ದರೆ, ಬಾಯಿ ಸೊಟ್ಟಗಾಗಿ ಮಾತು ತೊದಲುತ್ತಿದ್ದರೆ, ಒಂದು ಕಡೆಯ ಕೈಕಾಲು ಸೋತರೆ, ಗರ್ಭಿಣಿಗೆ ರಕ್ತ ಹೋಗುತ್ತಿದ್ದರೆ ಮನೆಯ ಮಾತೇ ಬೇಡ; 108ಕ್ಕೆ ಕರೆ ಮಾಡಿಸಿ ಆಸ್ಪತ್ರೆಗೇ ಹೋಗಬೇಕು.

ಹೊರಡುವುದು ಖಚಿತವಾದ ಮೇಲೆ ಗೇಟ್ ಪಾಸ್ ಪಡೆಯಿರಿ. ಈ ಒಂದು ಚೀಟಿಯ ವಿಷಯದಲ್ಲಿ ನಾನು ತುಸು ಹಟಮಾರಿ. ಕೆಲವು ವರ್ಷ ಟೈಮ್ ಆಫೀಸಿನಲ್ಲಿ ಹಾಜರಿ ನೋಡುತ್ತಿದ್ದಾಗ, ಬಾಯಿಮಾತಿನ ಅನುಮತಿಯ ಮೇಲೆ ಹೋದವರ ಹೆಸರಿನ ಮುಂದೆ ಇಡೀ ದಿನದ ಗೈರುಹಾಜರಿ ಬಿದ್ದದ್ದನ್ನೂ, ‘ಹೋಗಿ’ ಎಂದಿದ್ದ ಸೂಪರ್‌ವೈಸರ್‌ಗೆ ತಿಂಗಳ ಕೊನೆಗೆ ಅದು ನೆನಪೇ ಇಲ್ಲದ್ದನ್ನೂ ಕಂಡಿದ್ದೇನೆ. ಪಾಸ್‌ನಲ್ಲಿ ಹೊರಟ ಸಮಯ ಮತ್ತು ‘ಅನಾರೋಗ್ಯ’ ಎಂಬ ಕಾರಣ ಇರಲಿ, ‘ಸ್ವಂತ ಕೆಲಸ’ ಎಂದು ಬರೆಯಲು ಬಿಡಬೇಡಿ. ಗೇಟಿನಲ್ಲಿ ಕೊಡುವ ಮೊದಲು ಮೊಬೈಲಿನಲ್ಲಿ ಅದರ ಫೋಟೊ ತೆಗೆದುಕೊಂಡು, ಪಂಚ್ ಮಾಡಿಯೇ ಹೊರಬನ್ನಿ. ಬಸ್ಸಿನಲ್ಲಿ ನಿಂತು ಹೋಗುವಷ್ಟು ಶಕ್ತಿ ಇಲ್ಲದಿದ್ದರೆ ಮನೆಯವರನ್ನು ಗೇಟಿಗೇ ಕರೆಸಿಕೊಳ್ಳಿ.

ಅಲ್ಲಿಂದ ಹಾಸಿಗೆಗಿಂತ ಮೊದಲು ಇಎಸ್‌ಐ (ಕಾರ್ಮಿಕರ ರಾಜ್ಯ ವಿಮಾ ಯೋಜನೆ) ಡಿಸ್ಪೆನ್ಸರಿಗೆ ಹೋಗುವುದು ಮೇಲು, ಏಕೆಂದರೆ ವೈದ್ಯರು ರಜೆಯ ಸರ್ಟಿಫಿಕೇಟನ್ನು ಸಾಮಾನ್ಯವಾಗಿ ತಾವು ನೋಡಿದ ದಿನದಿಂದ ಬರೆಯುತ್ತಾರೆಯೇ ಹೊರತು ನೀವು ಮಲಗಿದ ದಿನದಿಂದಲ್ಲ. ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರಿಗೆ ಅನ್ವಯಿಸುವ ಈ ಯೋಜನೆಗೆ ನಿಮ್ಮ ಸಂಬಳದಿಂದ ಶೇ. 0.75ರಷ್ಟು ಹೋಗುತ್ತಿದೆ, ಮಾಲೀಕರು ಶೇ. 3.25ರಷ್ಟು ಕಟ್ಟುತ್ತಾರೆ. ವೈದ್ಯರು ವಿಶ್ರಾಂತಿ ಬರೆದ ದಿನಗಳಿಗೆ ಸರಾಸರಿ ದಿನಗೂಲಿಯ ಶೇ. 70ರಷ್ಟು ಹಣ ಸಿಗುತ್ತದೆ. ಆದರೆ ಮೊದಲ ಎರಡು ದಿನಗಳನ್ನು ಸಾಮಾನ್ಯವಾಗಿ ಬಿಟ್ಟು ಲೆಕ್ಕ ಹಾಕುತ್ತಾರೆ. ದಿನಕ್ಕೆ 500 ರೂಪಾಯಿ ಸರಾಸರಿ ಇರುವವರಿಗೆ ಐದು ದಿನದ ವಿಶ್ರಾಂತಿ ಬರೆದರೆ ಮೂರು ದಿನಕ್ಕೆ 350ರಂತೆ 1,050 ರೂಪಾಯಿ ಬಂದೀತು.

ಇದಕ್ಕೆ 78 ದಿನಗಳ ಷರತ್ತಿದೆ, ಹಲವರು ಎಡವುವುದು ಇಲ್ಲಿ. ಎಣಿಸುವುದು ಈಚಿನ ತಿಂಗಳುಗಳನ್ನಲ್ಲ: ಜುಲೈನಿಂದ ಡಿಸೆಂಬರ್‌ವರೆಗೆ ಕಾಯಿಲೆ ಬಿದ್ದರೆ ಅದರ ಹಿಂದಿನ ಅಕ್ಟೋಬರ್–ಮಾರ್ಚ್ ಅವಧಿಯಲ್ಲಿ, ಜನವರಿಯಿಂದ ಜೂನ್‌ವರೆಗೆ ಬಿದ್ದರೆ ಹಿಂದಿನ ಏಪ್ರಿಲ್–ಸೆಪ್ಟೆಂಬರ್‌ನಲ್ಲಿ ಅಷ್ಟು ದಿನಗಳ ವಂತಿಗೆ ಕಟ್ಟಿರಬೇಕು. ಒಂದೆರಡು ದಿನದ ಜ್ವರಕ್ಕೆ ಇಎಸ್‌ಐ ಹಣ ನೆಚ್ಚದೆ, ದುಡಿದ 20 ದಿನಕ್ಕೊಂದರಂತೆ ಕೂಡಿದ ನಿಮ್ಮ ವಾರ್ಷಿಕ ರಜೆಯನ್ನು ಬರೆಸುವುದು ಲೇಸು.

ಸೂಜಿ ಚುಚ್ಚಿ ಅಥವಾ ಜಾರಿ ಬಿದ್ದು ಹೊರಟಿದ್ದರೆ ಅದು ಕಾಯಿಲೆಯಲ್ಲ, ಅಪಘಾತ. ‘ಹುಷಾರಿಲ್ಲ ಎಂದೇ ಬರೆಯೋಣ’ ಎಂದು ಯಾರಾದರೂ ನಯವಾಗಿ ಹೇಳಿದರೂ ಒಪ್ಪದೆ ಅಪಘಾತದ ಪುಸ್ತಕದಲ್ಲಿ ಬರೆಸಿ. ಅದಕ್ಕೆ 78 ದಿನಗಳ ಷರತ್ತಿಲ್ಲ, ಹಣವೂ ಶೇ. 90ರಷ್ಟು.

ಮನೆ ಸೇರಿದ ಮೇಲೆ ಎಷ್ಟು ದಿನ ಬರಲಾಗದು ಎಂಬುದನ್ನು ಸೂಪರ್‌ವೈಸರ್‌ಗೂ ಎಚ್‌ಆರ್‌ಗೂ ಮೆಸೇಜ್ ಮಾಡಿ, ಸರ್ಟಿಫಿಕೇಟಿನ ಫೋಟೊ ಕಳುಹಿಸಿ. ಕೆಲಸಕ್ಕೆ ಮರಳುವ ದಿನ ‘ಕೆಲಸಕ್ಕೆ ಯೋಗ್ಯರು’ ಎಂದು ಬರೆದ ಕೊನೆಯ ಸರ್ಟಿಫಿಕೇಟ್ ಕೈಯಲ್ಲಿರಲಿ. ಅದಿಲ್ಲದೆ ಹೋದವರನ್ನು ಗೇಟಿನಿಂದಲೇ ಮತ್ತೆ ಡಿಸ್ಪೆನ್ಸರಿಯ ಸಾಲಿಗೆ ಅಟ್ಟುವುದುಂಟು, ಆಗ ಇನ್ನರ್ಧ ದಿನದ ಕೂಲಿಯೂ ಹೋಗುತ್ತದೆ.